ಗದ್ದೆಯ ನೀರಿನ ಡಾನಿಯೊ

ಡಾನಿಯೊ ಎಂಬ ಹೆಸರು ಕಿವಿಗೆ ಬಿದ್ದೊಡನೆ ಅದು ಗ್ರೀಕ್ ಭಾಷೆಯದೋ ಲ್ಯಾಟಿನ್ ಭಾಷೆಯದೋ ಇರಬೇಕೆಂದು ಭಾವಿಸುವುದು ಸಹಜ. ಪ್ರಾಣಿಗಳಿಗೂ ಸಸ್ಯಗಳಿಗೂ ಶಾಸ್ತ್ರೀಯ ನಾಮಗಳನ್ನು ಕೊಡುವವರು ಆ ಎರಡು ಪ್ರಾಚೀನ ಭಾಷೆಗಳ ಭಂಡಾರಕ್ಕೇ ಕೈಹಾಕುವುದು ರೂಢಿ. ಆದರೆ ಈ ಹೆಸರು ಬಂದುದು ಬಂಗಾಳದ ಗದ್ದೆಯಿಂದ. ಸಂಸ್ಕೃತದ ‘ಧಾನ್ಯ’ ಶಬ್ದವು ಬಂಗಾಳಿಯಲ್ಲಿ ‘ಧಾನ್’ ಎಂದಾಗಿ ಬತ್ತವನ್ನು ಸೂಚಿಸುತ್ತದೆ. ಬತ್ತದ ಗದ್ದೆಗೆ ಸೇರಿದುದು ‘ಧಾನಿ’. ಆ ಧಾನಿಯೇ ಯುರೋಪಿನವರ ನಾಲಗೆಯ ಮೇಲೆ ಹೊರಳಿ ಡಾನಿಯೊ ಆಯಿತು. ಅಂತೂ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಮಂದಿರಗಳಲ್ಲಿ ಇಂದು ಪ್ರತಿದಿನವೂ ಉಚ್ಚಾರವಾಗುತ್ತಿರುವ ಈ ಪದದಲ್ಲಿ ನಮ್ಮ ನೆಲದ ಕೆಸರಿನ ವಾಸನೆ ಇನ್ನೂ ಉಳಿದಿದೆ.

ಡಾನಿಯೊ ಎಂಬುದು ಒಂದೇ ಮೀನಿನ ಹೆಸರಲ್ಲ, ಒಂದು ಕುಲದ ಹೆಸರು. ಗೆಂಡೆ ಮೊದಲಾದ ಸಿಹಿನೀರಿನ ಮೀನುಗಳ ದೂರದ ಬಂಧುಗಳಾದ ಈ ಕಿರುಮೀನುಗಳಲ್ಲಿ ಇಪ್ಪತ್ತೈದಕ್ಕೂ ಮಿಕ್ಕಿದ ಪ್ರಭೇದಗಳನ್ನು ಈವರೆಗೆ ಗುರುತಿಸಲಾಗಿದೆ. ಭಾರತ, ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್ ಮತ್ತು ಅಲ್ಲಿಂದಾಚೆಯ ಆಗ್ನೇಯ ಏಷ್ಯದ ಬೆಚ್ಚನೆಯ ಹಳ್ಳಕೊಳ್ಳಗಳೇ ಇವುಗಳ ತವರು. ಇವುಗಳಲ್ಲೆಲ್ಲ ಹೆಸರುವಾಸಿಯಾದುದು ಡಾನಿಯೊ ರೇರಿಯೊ. ಉದ್ದ ಒಂದೂವರೆ ಅಂಗುಲ, ಬೆಳ್ಳಿಯ ಮೈ, ಕಿವಿರಿನ ಹಿಂದಿನಿಂದ ಬಾಲದ ತುದಿಯವರೆಗೆ ಗೆರೆಕೋಲು ಹಿಡಿದು ಎಳೆದಂಥ ಐದಾರು ನೀಲಿ ಪಟ್ಟೆಗಳು, ಪಟ್ಟೆಗಳ ನಡುವೆ ಹೊನ್ನಿನ ಛಾಯೆ. ಆಫ್ರಿಕದ ಪಟ್ಟೆಕುದುರೆಯನ್ನು ನೆನೆದು ಇಂಗ್ಲಿಷರು ಇದನ್ನು ಜೀಬ್ರಾ ಮೀನೆಂದು ಕರೆದರು. ಕುದುರೆಯ ಪಟ್ಟೆಗಳು ಅಡ್ಡಲಾಗಿ, ಮೀನಿನವು ಉದ್ದಲಾಗಿ ಇವೆಯೆಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ನಾವು ಈ ಲೇಖನದಲ್ಲಿ ಇದನ್ನು ಪಟ್ಟೆಮೀನು ಎಂದೇ ಕರೆಯೋಣ.

ಈ ಮೀನಿಗೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟವನು ಕನ್ನಡಿಗರಿಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800-01ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳನ್ನು ಸುತ್ತಿ, ಊರೂರಿನ ಬೆಳೆ, ಕೆರೆ, ಕಸುಬು, ಜಾತಿ, ದರ ದಸ್ತೂರಿಗಳನ್ನೆಲ್ಲ ಕೇಳಿ ಬರೆದುಕೊಂಡ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಇವನೇ. 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಆ ಪ್ರವಾಸಗ್ರಂಥವನ್ನು ನಮ್ಮ ನಾಡಿನ ಇತಿಹಾಸ ಬರೆಯುವವರೆಲ್ಲರೂ ಇಂದಿಗೂ ಮಗುಚುತ್ತಾರೆ. ಅದೇ ಮನುಷ್ಯ ಮುಂದೆ 1807ರಿಂದ 1814ರವರೆಗೆ ಬಂಗಾಳ ಮತ್ತು ಬಿಹಾರದ ಜಿಲ್ಲೆಗಳನ್ನು ಹೀಗೆಯೇ ಅಳೆದು ನೋಡಿದ. ಬೆಸ್ತರ ಬಲೆಗೆ ಬಿದ್ದ ಪ್ರತಿಯೊಂದು ಮೀನೂ ಅವನಿಗೆ ಬೇಕು. ಅದರ ಸ್ಥಳೀಯ ಹೆಸರೂ ಬೇಕು. ತಾಯಿಯ ಕಡೆಯ ಆಸ್ತಿ ಕೈಸೇರಿದ ಮೇಲೆ ತನ್ನ ಹೆಸರನ್ನು ಹ್ಯಾಮಿಲ್ಟನ್ ಎಂದು ಬದಲಿಸಿಕೊಂಡ ಈತ 1822ರಲ್ಲಿ ಎಡಿನ್‌ಬರೋದಲ್ಲಿ ಗಂಗಾನದಿಯ ಮೀನುಗಳ ಮೇಲೊಂದು ಗ್ರಂಥವನ್ನು ಪ್ರಕಟಿಸಿದ. ಎರಡು ನೂರ ಐವತ್ತಕ್ಕೂ ಹೆಚ್ಚಿನ ಮೀನುಗಳ ವರ್ಣನೆಯುಳ್ಳ ಆ ಗ್ರಂಥದಲ್ಲಿ ಕೋಸಿ ನದಿಯಲ್ಲಿ ದೊರೆತ ಪಟ್ಟೆಮೀನಿಗೂ ಒಂದು ಎಡೆ ಸಿಕ್ಕಿತು. ‘ಡಾನಿಯೊ’ದಂತೆ ‘ರೇರಿಯೊ’ ಎಂಬುದೂ ಅವನು ಬೆಸ್ತರ ಬಾಯಿಂದ ಎತ್ತಿಕೊಂಡ ಹೆಸರೇ. ನಾಡವರು ಇಟ್ಟ ಹೆಸರನ್ನು ತಳ್ಳಿಹಾಕಿ ತನ್ನ ಸ್ನೇಹಿತರ ಹೆಸರನ್ನು ಮೀನಿನ ಮೈಗೆ ಅಂಟಿಸದಿದ್ದ ಈ ಒಂದು ಸೌಜನ್ಯಕ್ಕಾಗಿ ನಾವು ಬುಕಾನನ್ನನನ್ನು ಮೆಚ್ಚುತ್ತೇವೆ.

ಬೆಸ್ತನಿಗಾದರೋ ಈ ಮೀನು ಲೆಕ್ಕಕ್ಕಿಲ್ಲದ್ದು. ಹಿಡಿಯಷ್ಟು ಸೇರಿದರೂ ಒಂದು ಸಾರಿಗೆ ಸಾಲದು. ಹರಿವು ಮಂದವಾದ, ಮೊಣಕಾಲುದ್ದದ ನೀರು ಇದಕ್ಕೆ ಪ್ರಿಯ: ಗದ್ದೆ, ಗದ್ದೆಗೆ ನೀರುಣಿಸುವ ಕಾಲುವೆ, ಹೊಳೆಯ ಅಂಚಿನ ಮಡು, ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಆರುವ ಹೊಂಡ. ಮುಂಗಾರು ಹಿಡಿದು ನೀರು ಬದುಗಳನ್ನು ದಾಟಿ ಹರಡಿದಾಗ ಇದರ ಸಂತಾನವೂ ಹರಡುತ್ತದೆ. ನೀರಿನ ಮೇಲೆ ಬಿದ್ದ ಹುಳುಹುಪ್ಪಟೆ, ನೀರಿನೊಳಗಿನ ಸೂಕ್ಷ್ಮಜೀವಿ, ಸೊಳ್ಳೆಯ ಮರಿಹುಳು ಇವೇ ಇದರ ಆಹಾರ. ಹಾವಿನಂಥ ತಲೆಯುಳ್ಳ ಹಿಂಸ್ರಮೀನುಗಳು, ಮಿಂಚುಳ್ಳಿ, ಬೆಳ್ಳಕ್ಕಿ ಇವುಗಳಿಗೆ ಇದೇ ಆಹಾರ. ಗಾಜಿನ ತೊಟ್ಟಿಯಲ್ಲಿ ಎರಡು ಮೂರು ವರ್ಷ, ಕೆಲವೊಮ್ಮೆ ಐದು ವರ್ಷವೂ ಬದುಕಬಲ್ಲ ಪಟ್ಟೆಮೀನು ಬಯಲಿನಲ್ಲಿ ಬದುಕುವುದು ಸುಮಾರು ಒಂದು ವರ್ಷ; ಒಂದು ಮಳೆಗಾಲದಲ್ಲಿ ಹುಟ್ಟಿದ್ದು ಮುಂದಿನ ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಮುಗಿಯುವುದು. ಚಳಿಗಾಲದಲ್ಲಿ ತಣ್ಣಗೆ ಕೊರೆಯುವ ನೀರನ್ನೂ ಬೇಸಗೆಯಲ್ಲಿ ಬಿಸಿಯೇರಿದ ನೀರನ್ನೂ ಇದು ತಡೆದುಕೊಳ್ಳುತ್ತದೆ. ಈ ತಾಳಿಕೆಯೇ ಮುಂದೆ ಇದನ್ನು ಕಡಲಾಚೆಗೆ ಕೊಂಡೊಯ್ದಿತು. ಗಟ್ಟಿಮುಟ್ಟಾದ, ಅಗ್ಗದ, ನೋಡಲು ಚೆಲುವಾದ ಈ ಮೀನು ಇಪ್ಪತ್ತನೆಯ ಶತಮಾನದ ಆದಿಯಿಂದಲೇ ಯುರೋಪ್ ಅಮೆರಿಕಗಳ ಸಾಕುಮೀನಿನ ಅಂಗಡಿಗಳನ್ನು ಸೇರಿತು.

ಇಷ್ಟೇ ಆಗಿದ್ದರೆ ಪಟ್ಟೆಮೀನು ಅಂಗಡಿಯ ಜಾಡಿಯಲ್ಲಿಯೇ ಉಳಿಯುತ್ತಿತ್ತು. ಅದರ ಭಾಗ್ಯವನ್ನು ಬದಲಿಸಿದುದು ಅದರ ಮೊಟ್ಟೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಬೆಳಗಿನ ಮೊದಲ ಬೆಳಕು ನೀರಿಗೆ ಇಳಿದ ಹೊತ್ತಿನಲ್ಲಿ ಗಂಡುಮೀನು ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ಪಕ್ಕಕ್ಕೆ ಒತ್ತಿ ನಿಲ್ಲುತ್ತದೆ. ಹೆಣ್ಣು ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲುತ್ತದೆ. ಒಂದು ಬೆಳಗಿಗೆ ನೂರು, ಇನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗೂಡಿಲ್ಲ, ಕಾವಲಿಲ್ಲ, ವಾತ್ಸಲ್ಯದ ಸೊಲ್ಲೂ ಇಲ್ಲ. ಇಟ್ಟ ಮೊಟ್ಟೆಯನ್ನು ತಂದೆತಾಯಿಗಳೇ ಹೆಕ್ಕಿ ತಿಂದುಬಿಡುತ್ತವೆ. ಮನೆಯಲ್ಲಿ ಮೀನು ಸಾಕುವವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ: ತೊಟ್ಟಿಯ ತಳದಲ್ಲಿ ಹುಡುಗರು ಆಡುವ ಗಾಜಿನ ಗೋಲಿಗಳನ್ನು ಹರಡುವುದು, ಗೋಲಿಗಳ ಸಂದಿನಲ್ಲಿ ಜಾರಿದ ಮೊಟ್ಟೆ ಬಾಯಿಗೆ ಸಿಗದೆ ಉಳಿಯುತ್ತದೆ. ಪ್ರಯೋಗಶಾಲೆಯವರು ಗೋಲಿಯ ಬದಲು ತೂತುಗಳುಳ್ಳ ತಳದ ಪೆಟ್ಟಿಗೆಯನ್ನಿಡುತ್ತಾರೆ. ಅಲ್ಲಿ ದಿನಕ್ಕೆ 14 ತಾಸು ದೀಪ ಉರಿಸಿ 10 ತಾಸು ಆರಿಸುತ್ತಾರೆ. ದೀಪ ಹೊತ್ತಿದಾಗ ಮೀನಿಗೆ ಬೆಳಗಾಗುತ್ತದೆ.

ಮೊಟ್ಟೆಯ ಗಾತ್ರ ಒಂದು ಮಿಲಿಮೀಟರಿಗೂ ಕಡಿಮೆ. ಆದರೆ ಅದು ಸ್ಫಟಿಕದಂತೆ ಪಾರದರ್ಶಕ. ಕೋಳಿಯ ಮೊಟ್ಟೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿಯಬೇಕಾದರೆ ಚಿಪ್ಪನ್ನು ತೆರೆಯಬೇಕು. ಇಲಿಯ ಭ್ರೂಣವನ್ನು ನೋಡಬೇಕಾದರೆ ತಾಯಿಯ ಗರ್ಭವನ್ನು ಸೀಳಬೇಕು. ಪಟ್ಟೆಮೀನಿನಲ್ಲಿ ಇದಾವುದೂ ಬೇಡ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತ ಕುಳಿತರೆ ಸಾಕು. ನೀರಿನ ಉಷ್ಣತೆ 28.5 ಡಿಗ್ರಿ ಇದ್ದರೆ ಮೊಟ್ಟೆ ಫಲಿತವಾದ ಮುಕ್ಕಾಲು ತಾಸಿನಲ್ಲಿ ಒಂದು ಜೀವಕೋಶ ಎರಡಾಗುತ್ತದೆ. ಅನಂತರ ಕಾಲು ತಾಸಿಗೊಮ್ಮೆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಎಂಟು ಹದಿನಾರಾಗಿ ಏರುತ್ತದೆ. ಮೂರು ತಾಸು ಕಳೆಯುವಷ್ಟರಲ್ಲಿ ಹಳದಿಯ ಉಂಡೆಯ ತಲೆಯ ಮೇಲೆ ಸಾವಿರದಷ್ಟು ಕೋಶಗಳ ಟೋಪಿಯಿರುತ್ತದೆ. ಟೋಪಿ ಮೆಲ್ಲನೆ ಕೆಳಗಿಳಿದು ಉಂಡೆಯನ್ನು ಮುಚ್ಚುತ್ತದೆ. ಒಂದು ಪಕ್ಕದಲ್ಲಿ ಬೆನ್ನಿನ ಗೆರೆ ಮೂಡುತ್ತದೆ. ಕಣ್ಣಿನ ಗುಳ್ಳೆಗಳು ಉಬ್ಬುತ್ತವೆ. ಬಾಲ ಉಂಡೆಯಿಂದ ಬಿಡಿಸಿಕೊಂಡು ಅಲ್ಲಾಡುತ್ತದೆ. ಒಂದು ಹಗಲು ಒಂದು ಇರುಳು ಕಳೆದಾಗ ಹೃದಯ ಮಿಡಿಯುವುದನ್ನು ಕಾಣಬಹುದು. ಇನ್ನೊಂದು ದಿನದಲ್ಲಿ ರಕ್ತಕಣಗಳು ಒಂದರ ಹಿಂದೊಂದು ನಾಳಗಳಲ್ಲಿ ಓಡುವುದನ್ನು ಎಣಿಸಬಹುದು. ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಐದನೆಯ ದಿನ ಈಜಿ ಬೇಟೆಗೆ ತೊಡಗುತ್ತದೆ. ಮೂರು ತಿಂಗಳಲ್ಲಿ ತಾನೇ ಮೊಟ್ಟೆಯಿಡುತ್ತದೆ. ಬೆನ್ನೆಲುಬುಳ್ಳ ಪ್ರಾಣಿಯ ದೇಹ ಹೇಗೆ ನಿರ್ಮಾಣವಾಗುತ್ತದೆಂಬ ಪ್ರಶ್ನೆಗೆ ಇಷ್ಟು ಕಡಿಮೆ ಖರ್ಚಿನಲ್ಲಿ, ಇಷ್ಟು ಬೇಗ, ಕಣ್ಣೆದುರಿನಲ್ಲಿಯೇ ಉತ್ತರ ಕೊಡುವ ಪ್ರಾಣಿ ಬೇರೆ ವಿರಳ.

ಇದನ್ನು ಮನಗಂಡವರಲ್ಲಿ ಅಗ್ರಗಣ್ಯರು ಜಾರ್ಜ್ ಸ್ಟ್ರೈಸಿಂಗರ್. 1927ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಹುಟ್ಟಿ, ನಾಜಿಗಳ ಭೀತಿಯಿಂದ ಕುಟುಂಬದೊಡನೆ ಅಮೆರಿಕಕ್ಕೆ ಬಂದು ನೆಲಸಿದ ಈ ಯಹೂದಿ ವಿಜ್ಞಾನಿ ಮೊದಲು ಬ್ಯಾಕ್ಟೀರಿಯಗಳನ್ನು ತಿನ್ನುವ ವೈರಸುಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದರು. ಆರೆಗನ್ ವಿಶ್ವವಿದ್ಯಾಲಯದಲ್ಲಿದ್ದಾಗ ಬೆನ್ನೆಲುಬಿನ ಪ್ರಾಣಿಯೊಂದನ್ನು ಅದೇ ಬಗೆಯ ಕಟ್ಟುನಿಟ್ಟಿನಿಂದ ಪರೀಕ್ಷಿಸಬೇಕೆಂಬ ಹಂಬಲ ಅವರಿಗೆ ಹುಟ್ಟಿತು. ಬಣ್ಣದ ಮೀನು ಸಾಕುವ ಹವ್ಯಾಸ ಅವರಿಗಿತ್ತು. ಅಂಗಡಿಯಿಂದ ಪಟ್ಟೆಮೀನುಗಳನ್ನು ಕೊಂಡುತಂದರು. ತಂದೆಯ ವಂಶಾಂಶವಿಲ್ಲದೆ ತಾಯಿಯೊಂದರಿಂದಲೇ ಮರಿಗಳನ್ನು ಪಡೆದು ಒಂದೇ ಅಚ್ಚಿನ ಮೀನುಗಳನ್ನು ಬೆಳೆಸುವ ವಿಧಾನವನ್ನು 1981ರಲ್ಲಿ ಅವರು ಪ್ರಕಟಿಸಿದಾಗ ವಿದ್ವಾಂಸರ ಗಮನ ಇತ್ತ ತಿರುಗಿತು. 1984ರಲ್ಲಿ ಅವರು ಅಕಾಲಮರಣಕ್ಕೆ ತುತ್ತಾದರು, ಕೆಲಸ ನಿಲ್ಲಲಿಲ್ಲ. ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಟ್ ಅವರ ಬಳಗವೂ ಅಮೆರಿಕದ ಬಾಸ್ಟನ್ನಿನಲ್ಲಿ ಇನ್ನೊಂದು ಬಳಗವೂ ಸಾವಿರಾರು ಮೀನುಸಂಸಾರಗಳನ್ನು ಬೆಳೆಸಿ, ಭ್ರೂಣಗಳಲ್ಲಿ ಎಲ್ಲಿ ಯಾವ ಊನವಿದೆಯೆಂದು ಒಂದೊಂದಾಗಿ ನೋಡಿದವು. ಟ್ಯೂಬಿಂಗೆನ್ನಿನಲ್ಲಿಯೇ ನಾಲ್ಕು ಸಾವಿರಕ್ಕೂ ಹೆಚ್ಚಿನ ವಿಕೃತಿಗಳು ಕಂಡುಬಂದವು. ಮಿಡಿಯದ ಹೃದಯ, ಮೂಡದ ಬಾಲ, ಕೇಳದ ಕಿವಿ ಹೀಗೆ ಒಂದೊಂದು ಊನವೂ ಒಂದೊಂದು ವಂಶವಾಹಿಯ ಕೆಲಸವನ್ನು ಬಯಲಿಗೆಳೆಯಿತು. 1996ರ ಡಿಸೆಂಬರಿನಲ್ಲಿ ಒಂದು ವಿಜ್ಞಾನಪತ್ರಿಕೆಯ ಇಡೀ ಸಂಚಿಕೆಯೇ ಈ ಮೀನಿಗೆ ಮೀಸಲಾಯಿತು. 2013ರಲ್ಲಿ ಇದರ ಸಮಗ್ರ ವಂಶಲಿಪಿಯನ್ನು ಓದಿ ಹೋಲಿಸಿದಾಗ ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ಮೀನಿನಲ್ಲಿ ಜೋಡಿಯುಂಟೆಂದು ತಿಳಿದುಬಂತು. ಗದ್ದೆಯ ಮೀನು ನಮ್ಮ ದಾಯಾದಿ ಎಂಬುದು ಅಲಂಕಾರದ ಮಾತಲ್ಲ.

ದಾಯಾದಿತನದ ಒಂದು ನಿದರ್ಶನವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸ್ಟ್ರೈಸಿಂಗರ್ ಅವರು ಸಾಕಿದ ಮೀನುಗಳಲ್ಲಿ ‘ಗೋಲ್ಡನ್’ ಎಂಬ ಒಂದು ತಳಿಯಿತ್ತು. ಇದರ ಪಟ್ಟೆಗಳು ಗಾಢ ನೀಲಿಯಾಗಿರದೆ ಮಾಸಿದ ಹೊಂಬಣ್ಣವಾಗಿರುತ್ತವೆ. ಕಾರಣವಾದ ವಂಶವಾಹಿಯನ್ನು ಅಮೆರಿಕದ ಪೆನ್ಸಿಲ್ವೇನಿಯದ ವಿಜ್ಞಾನಿಗಳು 2005ರಲ್ಲಿ ಪತ್ತೆ ಮಾಡಿದರು. ಅದರ ಜೋಡಿ ಮನುಷ್ಯರಲ್ಲಿಯೂ ಇತ್ತು. ಮನುಷ್ಯನ ಆ ವಂಶವಾಹಿಯ ಸಂದೇಶವನ್ನು ಹೊಂಬಣ್ಣದ ಮೀನಿನ ಭ್ರೂಣಕ್ಕೆ ಸೇರಿಸಿದಾಗ ಮೀನಿನ ಕಪ್ಪು ಮರಳಿ ಬಂತು! ಈ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ಯುರೋಪಿನವರ ಬಿಳುಪಿಗೆ ಇರುವ ಕಾರಣಗಳಲ್ಲೊಂದೆಂದು ಆಗ ಗೊತ್ತಾಯಿತು. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದವರು ಇತರರೊಡನೆ ಕೂಡಿ ದಕ್ಷಿಣ ಭಾರತದ ಒಂದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಅದೇ ಬದಲಾವಣೆ ನಮ್ಮ ದೇಶದಲ್ಲಿಯೂ ಬಹುವಾಗಿ ಹರಡಿದೆಯೆಂದೂ ನಮ್ಮದೂ ಯುರೋಪಿನವರದೂ ಒಂದೇ ಮೂಲದಿಂದ ಬಂದುದೆಂದೂ ಸಿದ್ಧವಾಯಿತು. ಹುಡುಗಿಯ ಮೈಬಣ್ಣವನ್ನು ನೋಡಿ ಸಂಬಂಧ ಕುದುರಿಸುವ ಹಿರಿಯರಿಗೆ ಈ ಮೀನಿನ ಕಥೆಯನ್ನು ಯಾರಾದರೂ ಹೇಳಬೇಕು. ಅವರು ಅಷ್ಟು ದೊಡ್ಡದೆಂದು ಎಣಿಸುವ ಭೇದದ ಒಂದು ಪಾಲು, ಗದ್ದೆಯ ಕಿರುಮೀನಿನ ಪಟ್ಟೆಯನ್ನು ಮಾಸಿಸುವ ವಂಶವಾಹಿಯಲ್ಲಿನ ಒಂದಕ್ಷರದ ಅಂತರ.

ಪಟ್ಟೆಮೀನಿನ ಇನ್ನೊಂದು ಸಾಮರ್ಥ್ಯವು ವೈದ್ಯರನ್ನು ಆಕರ್ಷಿಸಿದೆ. ಮನುಷ್ಯನಿಗೆ ಹೃದಯಾಘಾತವಾದಾಗ ಸತ್ತ ಮಾಂಸದ ಜಾಗದಲ್ಲಿ ಗಾಯದ ಕಲೆ ಕಟ್ಟುತ್ತದೆಯೇ ಹೊರತು ಮಿಡಿಯುವ ಮಾಂಸ ಮರಳಿ ಬೆಳೆಯುವುದಿಲ್ಲ. ಪಟ್ಟೆಮೀನಿನ ಹೃದಯದ ಕೆಳಕೋಣೆಯ ಐದನೆಯ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಎರಡು ತಿಂಗಳಲ್ಲಿ ಅದು ತುಂಬಿಬರುತ್ತದೆಂದು 2002ರಲ್ಲಿ ಪ್ರಕಟವಾಯಿತು. ಈಜುರೆಕ್ಕೆ, ಕಣ್ಣಿನ ಒಳಪದರ, ಬೆನ್ನುಹುರಿ ಇವೂ ಹಾಗೆಯೇ ಕೂಡಿಕೊಳ್ಳುತ್ತವೆ. ಇದರ ಮರ್ಮವನ್ನು ಅರಿಯಲು ನಮ್ಮ ದೇಶದಲ್ಲಿಯೂ ಯತ್ನಗಳು ನಡೆದಿವೆ. ಪುಣೆಯ ಆಘಾರಕರ್ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಮುಪ್ಪಿನ ಪಟ್ಟೆಮೀನಿನ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯನ್ನು ಮತ್ತೆ ಚಿಗುರಿಸುವ ಒಂದು ಪ್ರೋಟೀನನ್ನು ಗುರುತಿಸಿ 2022ರಲ್ಲಿ ವರದಿ ಮಾಡಿದರು. ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಈ ಮೀನಿನ ಮೇಲೆ ಸಂಶೋಧನೆ ನಡೆಯುತ್ತಿದೆ. ದೆಹಲಿಯ ವಂಶಲಿಪಿ ವಿಜ್ಞಾನ ಸಂಸ್ಥೆಯವರು ಅಸ್ಸಾಮಿನ ಮೂಲದ ಕಾಡುತಳಿಯೊಂದರ ವಂಶಲಿಪಿಯನ್ನು 2009ರಲ್ಲಿಯೇ ಓದಿ ಮುಗಿಸಿದ್ದರು. ನಮ್ಮ ಶಾಲೆಯಿಂದ ರೈಲಿನಲ್ಲಿ ಹೊರಟು ಮುಟ್ಟಬಹುದಾದ ಸ್ಥಳಗಳಲ್ಲೇ ಇಂಥ ಕೆಲಸ ಸಾಗಿದೆಯೆಂದು ವಿದ್ಯಾರ್ಥಿಗಳು ತಿಳಿದಿರಲಿ ಎಂದೇ ಈ ಹೆಸರುಗಳನ್ನು ಕೊಟ್ಟೆವು.

ಹೀಗೆ ಪಟ್ಟೆಮೀನನ್ನು ಕುರಿತು ತಿಳಿಯಬೇಕಾದುದೆಲ್ಲ ತಿಳಿಯಿತೆಂದು ಎಣಿಸುವ ಹೊತ್ತಿಗೆ ಒಂದು ವಿಚಿತ್ರ ಎದುರಾಯಿತು. ಈ ಮೀನಿನಲ್ಲಿ ಗಂಡು ಹೆಣ್ಣು ಎಂಬುದು ಹೇಗೆ ನಿರ್ಣಯವಾಗುತ್ತದೆ? ನಮ್ಮಲ್ಲಿ ಅದನ್ನು ನಿರ್ಣಯಿಸುವುದು ಎಕ್ಸ್ ಮತ್ತು ವೈ ಎಂಬ ವರ್ಣತಂತುಗಳು. ಹಕ್ಕಿಗಳಲ್ಲಿಯೂ ಅಂಥದೇ ಒಂದು ಏರ್ಪಾಡುಂಟು. ಪ್ರಯೋಗಶಾಲೆಯ ಪಟ್ಟೆಮೀನಿನಲ್ಲಿ ಮಾತ್ರ ಎಷ್ಟು ಹುಡುಕಿದರೂ ಅಂಥ ವರ್ಣತಂತು ಸಿಗಲಿಲ್ಲ. ಮರಿಗಳು ಇಕ್ಕಟ್ಟಾದರೆ, ಆಹಾರ ಕಡಿಮೆಯಾದರೆ, ನೀರು ಬಿಸಿಯಾದರೆ ಗಂಡುಗಳು ಹೆಚ್ಚುತ್ತವೆಂದಷ್ಟೆ ಕಂಡುಬಂತು. ಕೊನೆಗೆ ಆರೆಗನ್ನಿನ ವಿದ್ವಾಂಸರು ಬಂಗಾಳದ ನದಿಯಾ ಮತ್ತು ಕೂಚ್‌ಬೆಹಾರ್ ಕಡೆಯ ನೀರಿನಿಂದ ಬಂದ ತಳಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ನಾಲ್ಕನೆಯ ವರ್ಣತಂತುವಿನ ತುದಿಯಲ್ಲಿ ಲಿಂಗನಿರ್ಣಯದ ಭಾಗ ಸ್ಪಷ್ಟವಾಗಿ ಇದ್ದಿತು! ಅಂಗಡಿಯಿಂದ ಆರೆಗನ್ನಿಗೂ ಟ್ಯೂಬಿಂಗೆನ್ನಿಗೂ ಹೋಗಿ ಪ್ರಸಿದ್ಧವಾದ ಎರಡು ತಳಿಗಳು, ತಲೆಮಾರಿನ ಮೇಲೆ ತಲೆಮಾರು ಗಾಜಿನಲ್ಲಿ ಬೆಳೆಯುತ್ತ ಆ ಭಾಗದ ಕೆಲಸವನ್ನು ಕಳೆದುಕೊಂಡಿದ್ದವು. 2014ರಲ್ಲಿ ಪ್ರಕಟವಾದ ಈ ಸಂಗತಿ ನಮ್ಮನ್ನು ಬಹಳ ಯೋಚನೆಗೆ ಹಚ್ಚುತ್ತದೆ. ಮೂವತ್ತು ವರ್ಷಗಳ ಕಾಲ, ಸಾವಿರಾರು ಪ್ರಯೋಗಶಾಲೆಗಳಲ್ಲಿ, ಕೋಟ್ಯಂತರ ಭ್ರೂಣಗಳನ್ನು ನೋಡಿದರೂ ತಿಳಿಯದಿದ್ದ ಒಂದು ಮೂಲಭೂತ ವಿಷಯವು ಬಂಗಾಳದ ಹಳ್ಳದಲ್ಲಿ ಮೀನು ಹಿಡಿದು ನೋಡಿದಾಗ ತಿಳಿಯಿತು. ಗಾಜಿನೊಳಗಿನ ಮೀನೂ ಗದ್ದೆಯೊಳಗಿನ ಮೀನೂ ಹೆಸರಿನಲ್ಲಿ ಒಂದೇ. ಮೈಯಲ್ಲಿ ಪೂರ್ತಿ ಒಂದಲ್ಲ.

ಬೇರೆ ಭೇದಗಳೂ ಉಂಟು. ನಮ್ಮ ದೇಶದ ಹೊಳೆ ಹೊಂಡಗಳಲ್ಲಿ ನೋಡಿದವರು, ಒಂದೆಡೆ ನಾಲ್ಕಾರು ಮೀನುಗಳ ಗುಂಪನ್ನೂ ಮತ್ತೊಂದೆಡೆ ನೀರು ರಭಸವಾಗಿ ಹರಿಯುವಲ್ಲಿ ನೂರಾರು ಮೀನುಗಳ ದಂಡನ್ನೂ ಕಂಡಿದ್ದಾರೆ. ಒಂದೇ ಪ್ರಭೇದದ ಮೀನು ಒಂದೂರಿನ ನೀರಿನಲ್ಲಿ ಧೈರ್ಯಶಾಲಿ, ಇನ್ನೊಂದೂರಿನ ನೀರಿನಲ್ಲಿ ಅಂಜುಬುರುಕ. ಎಲ್ಲ ತೊಟ್ಟಿಗಳಲ್ಲಿಯೂ ಒಂದೇ ನೀರು, ಒಂದೇ ಬೆಳಕು, ಒಂದೇ ಹೊತ್ತಿಗೆ ಊಟ ಇರುವ ಕಡೆ ಇಂಥ ಪ್ರಶ್ನೆಯೇ ಹುಟ್ಟುವಂತಿಲ್ಲ. ಆದರೆ ಉತ್ತರ ಸಿಗಬೇಕಾದ ನೀರೇ ಬದಲಾಗುತ್ತಿದೆ. ಗದ್ದೆಗೆ ಕೀಟನಾಶಕ ಸುರಿಯುತ್ತದೆ. ಕಾಲುವೆಯ ಮಣ್ಣಿನ ದಂಡೆಗೆ ಸಿಮೆಂಟು ಬರುತ್ತದೆ. ಪೇಟೆಯ ಅಂಚಿನ ಹೊಂಡಕ್ಕೆ ಮಣ್ಣು ತುಂಬಿ ಮನೆ ಏಳುತ್ತದೆ. ಪಟ್ಟೆಮೀನು ಅಳಿವಿನ ಅಂಚಿನಲ್ಲಿರುವ ಪ್ರಾಣಿಯೇನೂ ಅಲ್ಲ. ಅದರ ಹರಹು ದೊಡ್ಡದು. ಒಂದು ಹೊಂಡ ಮುಚ್ಚಿದರೆ ಜಾತಿ ನಾಶವಾಗುವುದಿಲ್ಲ. ಆ ಹೊಂಡದ ಮೀನು ಬೇರೆ ಹೊಂಡದ ಮೀನಿಗಿಂತ ಯಾವುದರಲ್ಲಿ ಬೇರೆಯಾಗಿತ್ತೆಂಬುದು ಮಾತ್ರ ಯಾರೂ ಬರೆದುಕೊಳ್ಳುವ ಮೊದಲೇ ಮಣ್ಣು ಸೇರುತ್ತದೆ.

ಕುಲದ ಉಳಿದ ಮೀನುಗಳ ಸುದ್ದಿಯೂ ಇದೇ ಬಗೆಯದು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಅವರು 1918ರಲ್ಲಿ ಬರ್ಮಾದ ಇನ್ಲೆ ಸರೋವರದಿಂದ ಒಂದು ಪುಟ್ಟ ಡಾನಿಯೊವನ್ನು ವರ್ಣಿಸಿದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಸುಂದರಲಾಲ್ ಹೋರಾ ಅವರು 1928ರಲ್ಲಿ ಇನ್ನೊಂದನ್ನು ವರ್ಣಿಸಿದರು. 2006ರಲ್ಲಿ ಅದೇ ದೇಶದ ಶಾನ್ ಸೀಮೆಯ ಹೋಪೊಂಗ್ ಎಂಬಲ್ಲಿನ ಹೊಂಡಗಳಲ್ಲಿ, ನೀಲಿ ಮೈಯ ಮೇಲೆ ಮುತ್ತು ಚೆಲ್ಲಿದಂಥ ಒಂದು ಡಾನಿಯೊ ಸಿಕ್ಕಿತು. ಚಿತ್ರ ಪ್ರಕಟವಾದದ್ದೇ ತಡ, ಸಾಕುಮೀನಿನ ವ್ಯಾಪಾರಿಗಳು ಮುಗಿಬಿದ್ದರು. ಶಾಸ್ತ್ರಜ್ಞರು 2007ರಲ್ಲಿ ಅದಕ್ಕೆ ಹೆಸರಿಡುವ ಹೊತ್ತಿಗೆ ಆ ಹೊಂಡಗಳು ಬರಿದಾದಾವೆಂಬ ಕಳವಳ ಹುಟ್ಟಿತ್ತು. ಪುಣ್ಯಕ್ಕೆ ಅದು ಬೇರೆ ಕಡೆಗಳಲ್ಲಿಯೂ ದೊರೆಯಿತು. ತೊಟ್ಟಿಗಳಲ್ಲಿ ಮರಿ ಮಾಡುವುದೂ ಕಷ್ಟವಾಗಲಿಲ್ಲ. ಇದಕ್ಕೆ ವಿರುದ್ಧವಾದ ಅನಾಹುತವೂ ನಡೆದಿದೆ. ಅಂಬಲಿಮೀನಿನ ಹೊಳಪಿನ ವಂಶವಾಹಿಯನ್ನು ಪಟ್ಟೆಮೀನಿಗೆ ಸೇರಿಸಿ ಮಿನುಗುವ ಮೀನುಗಳನ್ನು ಸಿಂಗಪುರದ ವಿಜ್ಞಾನಿಗಳು ಸಿದ್ಧಪಡಿಸಿದರು. ಹೀಗೆ ಹೊಳೆಯುವ ಮೀನುಗಳು 2003ರ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಬಂದವು. ಅವು ಬ್ರೆಜಿಲ್ ದೇಶದ ಮೀನುಸಾಕಣೆಯ ಕೊಳಗಳಿಂದ ತಪ್ಪಿಸಿಕೊಂಡು ಹೊಳೆಗಳಲ್ಲಿ ಮರಿ ಮಾಡುತ್ತಿರುವುದಾಗಿ 2022ರಲ್ಲಿ ವರದಿಯಾಯಿತು. ಚೆಲುವಾದ ಮೀನಿಗೆ ಬಣ್ಣ ಬಳಿಯುವ ಈ ಚಪಲ ನಮಗೆ ಅರ್ಥವಾಗಿಲ್ಲ.

ಇನ್ನು ನಮ್ಮ ಕನ್ನಡನಾಡಿನ ಮಾತು. ಪಟ್ಟೆಮೀನಿನ ಹರಹಿನ ದಕ್ಷಿಣದ ಅಂಚು ಕರ್ನಾಟಕದಲ್ಲಿದೆಯೆಂದು ಸಂಶೋಧಕರು ಗುರುತಿಸಿದ್ದಾರೆ. ಅಂಚಿನಲ್ಲಿರುವುದರಿಂದ ಇಲ್ಲಿ ಅದು ಬಂಗಾಳದಲ್ಲಿದ್ದಂತೆ ಎಲ್ಲೆಲ್ಲೂ ಕಾಣಸಿಗುವುದಲ್ಲ. ಸಹ್ಯಾದ್ರಿಯ ತೊರೆಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ಹತ್ತಿರದ ಬಂಧುವಾದ ಡೆವಾರಿಯೊ. ಮೊದಲು ಇವುಗಳನ್ನೂ ಡಾನಿಯೊ ಎಂದೇ ಕರೆಯುತ್ತಿದ್ದರು; 2003ರ ಬಳಿಕ ಬೇರೆ ಕುಲವಾಗಿ ಎಣಿಸುತ್ತಾರೆ. ನೀಲಗಿರಿಯ ಒಂದು ಡೆವಾರಿಯೊ ಅಳಿವಿನ ಭೀತಿಯಲ್ಲಿರುವ ಪ್ರಾಣಿಗಳ ಪಟ್ಟಿಯನ್ನು ಸೇರಿದೆ.

ದೀಪಾವಳಿಯ ರಜೆಗೆ ಮುಂಬಯಿಯಿಂದ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಈ ಎರಡನ್ನೂ ನೋಡುವ ಅವಕಾಶವುಂಟು. ಆಗ ಹಳ್ಳಗಳಲ್ಲಿ ನೀರೂ ಇರುತ್ತದೆ, ಮಳೆಗಾಲದ ಮರಿಗಳೂ ಬೆಳೆದಿರುತ್ತವೆ. ಮೇಲಿನಿಂದ ಬಗ್ಗಿ ನೋಡಿದರೆ ಎಲ್ಲ ಕಿರುಮೀನುಗಳೂ ಒಂದೇ ತೆರನಾದ ಕಂದು ಗೆರೆಗಳು; ಹಿರಿಯರ ಜತೆಯಲ್ಲಿ ಹೋಗಿ, ಬಟ್ಟೆಯಿಂದ ಮೆಲ್ಲನೆ ಎತ್ತಿ, ಅದೇ ಹಳ್ಳದ ನೀರು ತುಂಬಿದ ಗಾಜಿನ ಶೀಸೆಯಲ್ಲಿಟ್ಟು ಪಕ್ಕದಿಂದ ನೋಡಬೇಕು. ಮೈ ಅಗಲವಾಗಿ, ಕಿವಿರಿನ ಹಿಂದೆ ಒಂದೆರಡು ತುಂಡು ಗೆರೆಗಳು ನೆಟ್ಟಗೆ ನಿಂತು, ನೀಲಿಯ ನಡುವೆ ಹಳದಿಯ ಗೆರೆಗಳು ಅಲ್ಲಲ್ಲಿ ಕಡಿದುಹೋಗಿದ್ದರೆ ಅದು ಡೆವಾರಿಯೊ. ಬೆಳೆದಾಗ ಮೂರು ನಾಲ್ಕು ಅಂಗುಲವಾಗುತ್ತದೆ. ಮೈ ಸಪೂರವಾಗಿ, ಬಾಯಿ ಮೇಲ್ಮುಖವಾಗಿ, ತುಟಿಯ ಬಳಿ ಎರಡು ಜೊತೆ ಸಣ್ಣ ಮೀಸೆಗಳಿದ್ದು, ನೀಲಿ ಪಟ್ಟೆಗಳು ಕಡಿಯದೆ ಬಾಲದವರೆಗೆ ಹರಿದಿದ್ದರೆ ಪಟ್ಟೆಮೀನಿರಬಹುದು. ನಿಶ್ಚಯಕ್ಕೆ ಹೊಟ್ಟೆಯ 

ಕೆಳಗಡೆ ಬಾಲದ ಹತ್ತಿರವಿರುವ ಈಜುರೆಕ್ಕೆಯನ್ನು ನೋಡಬೇಕು. ಪಟ್ಟೆಮೀನಿನಲ್ಲಿ ಆ ರೆಕ್ಕೆಯ ಮೇಲೂ ಪಟ್ಟೆಗಳಿರುತ್ತವೆ. ಊರು, ಹಳ್ಳದ ಹೆಸರು, ತಿಂಗಳು, ನೀರಿನ ಆಳ, ಎಷ್ಟು ಮೀನುಗಳು ಜತೆಯಲ್ಲಿದ್ದವು ಎಂಬುದನ್ನು ಅಲ್ಲಿಯೇ ಬರೆದುಕೊಂಡು, ಊರವರು ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿ, ಮೀನನ್ನು ಹಿಡಿದ ನೀರಿಗೇ ಬಿಡಬೇಕು. ಬರೆದು ತಂದ ಟಿಪ್ಪಣಿಗಳನ್ನು ಈ ವಾರ್ಷಿಕ ಸಂಚಿಕೆಗೆ ಕಳುಹಿಸಿದರೆ ನಾವು ಸಂತೋಷದಿಂದ ಅಚ್ಚುಹಾಕುವೆವು.